ಉಮ್ಮನ ಮೊದಲ ರಜೆ

ಡಿಸೆಂಬರ್ 24ರ ಸಂಜೆ ಪಕ್ಕದ ಮನೆಯ ಬಾಯಿ ಸ್ಟೀಲಿನ ತಟ್ಟೆಗೆ ಬಿಳಿ ಬಟ್ಟೆ ಮುಚ್ಚಿ ಕುಸ್ವಾರ್ ತಂದುಕೊಟ್ಟರೆಂದರೆ ನಮ್ಮ ಮನೆಯಲ್ಲಿ ಕ್ರಿಸ್‌ಮಸ್ ರಜೆ ಶುರುವಾಯಿತೆಂದೇ ಅರ್ಥ. ನೆವ್ರಿ, ಕಿಡಿಯೊ, ಗುಳಿಯೊ, ಅಕ್ಕಿಲಾಡು. ಮಕ್ಕಳು ಶಾಲೆಯ ಚೀಲವನ್ನು ಮೂಲೆಗೆಸೆದು ತಟ್ಟೆಯ ಸುತ್ತ ಕೂರುತ್ತಾರೆ. ಮಂಗಳೂರಿನ ಅನೇಕ ಕಾನ್ವೆಂಟ್ ಶಾಲೆಗಳಿಗೆ ಡಿಸೆಂಬರ್ ಕೊನೆಯ ವಾರ ರಜೆ.

ರಜೆ ಮಕ್ಕಳಿಗೆ. ಅಮ್ಮಂದಿರಿಗೆ? ಶಾಲೆಯಿದ್ದಾಗ ಎಂಟು ಗಂಟೆಗೆ ಮುಗಿಯುವ ಬೆಳಗಿನ ತಿಂಡಿ ರಜೆಯಲ್ಲಿ ಹನ್ನೊಂದಾದರೂ ಮುಗಿಯುವುದಿಲ್ಲ. ಒಬ್ಬನಿಗೆ ನೀರುದೋಸೆ ಬೇಕು, ಇನ್ನೊಬ್ಬಳಿಗೆ ಬೇಡ. ನಾಲ್ಕು ಗಂಟೆಗೆ ಮತ್ತೆ ಚಹಾ, ಏನಾದರೊಂದು ಕರಿದದ್ದು. ಈ ಮಾತನ್ನು ಓದುತ್ತಿರುವ ಸಹೋದರಿಯರು ನಗುತ್ತಿರಬಹುದು. ಇದು ನಮ್ಮೆಲ್ಲರ ಮನೆಯ ಕತೆ.

2024ರ ಡಿಸೆಂಬರಿನಲ್ಲಿ ನನ್ನ ಉಮ್ಮ ನಮ್ಮ ಮನೆಯಲ್ಲಿದ್ದರು. ಉಪ್ಪ ತೀರಿಹೋಗಿ ಎರಡು ವರ್ಷವಾಗಿತ್ತು. ಇದ್ದತ್ ಮುಗಿದ ಮೇಲೂ ಉಮ್ಮ ಹೊರಗೆ ಹೋದದ್ದೆಂದರೆ ಆಸ್ಪತ್ರೆಗೆ, ಮದುವೆಗೆ, ಮಯ್ಯತ್ ಮನೆಗೆ. ಅಷ್ಟೇ. ಆ ಸಲ ಅವರು ಎಂದಿಗಿಂತಲೂ ಮೌನವಾಗಿದ್ದರು. ಕಾರಣ ನನಗೆ ಗೊತ್ತಿತ್ತು. ಬಂಟ್ವಾಳದ ಕಡೆಯ ನಮ್ಮ ತರವಾಡು ಮನೆಯ ಅಂಗಳದಲ್ಲಿರುವ ಬಾವಿಯನ್ನು ಮುಚ್ಚುವುದೆಂದು ಅಣ್ಣ ತೀರ್ಮಾನಿಸಿದ್ದ. ನಳ್ಳಿ ನೀರು ಬಂದಿದೆ, ಕೊಳವೆಬಾವಿ ಇದೆ, ಹಳೆಯ ಬಾವಿಗೆ ಮಕ್ಕಳು ಬಿದ್ದರೆ ಯಾರು ಹೊಣೆ, ಮುಚ್ಚಿದರೆ ಕಾರು ನಿಲ್ಲಿಸಲು ಜಾಗವಾಗುತ್ತದೆ. ಅವನ ಮಾತಿನಲ್ಲಿ ತಪ್ಪು ಹುಡುಕಲು ನನಗೂ ಆಗಿರಲಿಲ್ಲ. ಜನವರಿ ಮೊದಲ ವಾರ ಜೆಸಿಬಿ ಬರುವುದಿತ್ತು. ಉಮ್ಮನಲ್ಲಿ ಹೇಳಿದಾಗ ಅವರು, "ನಿಮ್ಮಿಷ್ಟ" ಎಂದಿದ್ದರು. ಆ ಮೇಲೆ ಆ ವಿಷಯವನ್ನೇ ಎತ್ತಲಿಲ್ಲ.

ಉತ್ತರ ಕರ್ನಾಟಕದಲ್ಲಿ ಕೆಲವು ವರ್ಷ ಕೆಲಸ ಮಾಡಿದ್ದ ನನ್ನ ಯಜಮಾನರಿಗೆ ವಿಜಯಪುರದಲ್ಲಿ ಒಬ್ಬ ಸ್ನೇಹಿತರಿದ್ದಾರೆ. ವರ್ಷವೂ ಕರೆಯುತ್ತಾರೆ, ವರ್ಷವೂ ನಾವು "ಇನ್ಶಾ ಅಲ್ಲಾಹ್ ಮುಂದಿನ ವರ್ಷ" ಎನ್ನುತ್ತೇವೆ. ಈ ಸಲ ನಾನೇ ಹಟ ಹಿಡಿದೆ. ಉಮ್ಮನನ್ನೂ ಕರೆದುಕೊಂಡೇ ಹೋಗುವುದು.

"ನನಗೆಂಥ ರಜೆ ಮೋಳೆ? ನಾನೇನು ಶಾಲೆಗೆ ಹೋಗುತ್ತೇನಾ?" ಉಮ್ಮನ ಮೊದಲ ಉತ್ತರ.

"ಮೊಣಕಾಲು ನೋವು" ಎರಡನೆಯದು. "ಅಲ್ಲಿ ಚಳಿಯಂತೆ" ಮೂರನೆಯದು. ಕೊನೆಗೆ ಮೊಮ್ಮಗಳು ಹೋಗಿ ಅಜ್ಜಿಯ ಪೆಟ್ಟಿಗೆಯಿಂದ ಉಣ್ಣೆಯ ಶಾಲು ತೆಗೆದು ಚೀಲಕ್ಕೆ ಹಾಕಿದಳು. ಉಮ್ಮ ಅದನ್ನು ಹೊರಗೆ ತೆಗೆಯಲಿಲ್ಲ. ಅದೇ ಒಪ್ಪಿಗೆ.

*

2019ರಿಂದ ಮಂಗಳೂರಿಗೂ ವಿಜಯಪುರಕ್ಕೂ ನೇರ ರೈಲಿದೆ. ಮೊದಲು ಹುಬ್ಬಳ್ಳಿಯಲ್ಲಿ ಇಳಿದು ಬಸ್ಸು ಬದಲಿಸಬೇಕಾಗಿದ್ದವರಿಗೆ, ಅದರಲ್ಲೂ ಮಕ್ಕಳು ಮತ್ತು ಹಿರಿಯರನ್ನು ಕಟ್ಟಿಕೊಂಡು ಹೋಗುವ ಹೆಂಗಸರಿಗೆ, ಇದೊಂದು ದೊಡ್ಡ ಉಪಕಾರ. 26ರಂದು ಹೊರಟೆವು. ಸುಬ್ರಹ್ಮಣ್ಯ ರೋಡ್ ದಾಟಿ ಸಕಲೇಶಪುರದವರೆಗಿನ ಘಾಟಿಯಲ್ಲಿ 57 ಸುರಂಗಗಳು. ಮಕ್ಕಳು ಎಣಿಸಲು ಹೊರಟು ಇಪ್ಪತ್ತಕ್ಕೆ ಜಗಳವಾಡಿ ನಿದ್ದೆಹೋದರು. ಉಮ್ಮ ಮಾತ್ರ ಕತ್ತಲಾದರೂ ಕಿಟಕಿ ಬಿಡಲಿಲ್ಲ.

ಬೆಳಗಾಗುವಾಗ ಹೊರಗಿನ ಲೋಕವೇ ಬೇರೆ. ತೆಂಗಿಲ್ಲ, ಅಡಿಕೆಯಿಲ್ಲ, ಗುಡ್ಡವಿಲ್ಲ. ಕಣ್ಣು ಹಾಯುವವರೆಗೆ ಕಪ್ಪು ಮಣ್ಣು, ಅದರ ಮೇಲೆ ಎದೆಯೆತ್ತರದ ಜೋಳ, ನಡುನಡುವೆ ಕಡಲೆಗಿಡ. ಅಷ್ಟರಲ್ಲಿ ಬೋಗಿಯಲ್ಲಿದ್ದವರ ಮೊಬೈಲುಗಳಲ್ಲೆಲ್ಲ ಒಂದೇ ಸುದ್ದಿ. ಹಿಂದಿನ ರಾತ್ರಿ ಮಾಜಿ ಪ್ರಧಾನಿ ಮನಮೋಹನ್ ಸಿಂಗ್ ತೀರಿಕೊಂಡಿದ್ದರು. ಬೋಗಿಯಲ್ಲಿ ಸ್ವಲ್ಪ ಹೊತ್ತು ಯಾರೂ ಜೋರಾಗಿ ಮಾತನಾಡಲಿಲ್ಲ.

ಊರಿಗೆ ಈಗಿನ ಅಧಿಕೃತ ಹೆಸರು ವಿಜಯಪುರ. 2014ರ ನವೆಂಬರ್ 1ರಿಂದ ಹಾಗೆ ಬದಲಾಯಿತು. ಬಾಯಿಮಾತಿನಲ್ಲಿ ಇನ್ನೂ ಬಿಜಾಪುರವೇ. ನಿಲ್ದಾಣದಲ್ಲಿ ಇಳಿದಾಗಲೇ ಗೋಲಗುಮ್ಮಟ ಕಂಡಿತು. ಚಳಿಯೂ ಕಂಡಿತು. ನಮ್ಮ ಕರಾವಳಿಯ ಒದ್ದೆ ಚಳಿಯಲ್ಲ, ತುಟಿ ತೊಗಲು ಬಿರಿಯುವ ಒಣ ಚಳಿ. ಕರಾವಳಿಯಿಂದ ಹೋಗುವ ಸಹೋದರಿಯರು ತೆಂಗಿನೆಣ್ಣೆಯ ಒಂದು ಸಣ್ಣ ಬಾಟಲಿಯನ್ನು ಮರೆಯಬಾರದು. ಅದು ಅಲ್ಲಿ ಬೆಳಗ್ಗೆ ಕಲ್ಲಿನಂತೆ ಗಟ್ಟಿಯಾಗಿರುತ್ತದೆ, ಬಿಸಿಲಿಗಿಡಬೇಕು.

ಸ್ನೇಹಿತರ ಮನೆಯಲ್ಲಿ ಅವರ ತಾಯಿ, ನಾವು ಖಾಲಾ ಎಂದು ಕರೆದ ಎಪ್ಪತ್ತರ ಹಿರಿಯರು, ಬಾಗಿಲಲ್ಲೇ ಉಮ್ಮನನ್ನು ತಬ್ಬಿಕೊಂಡು ಉರ್ದುವಿನಲ್ಲಿ ಏನೇನೋ ಕೇಳಿದರು. ಉಮ್ಮ ನನ್ನ ಮುಖ ನೋಡಿದರು. ನಮ್ಮದು ಬ್ಯಾರಿ ಭಾಷೆ, ಉರ್ದು ಬಾರದು.

"ಮುಸಲ್ಮಾನ್ರಾಗಿ ಉರ್ದು ಬರೂದಿಲ್ಲೇನ್ರಿ?" ಖಾಲಾರಿಗೆ ನಿಜವಾಗಿಯೂ ಆಶ್ಚರ್ಯ.

ಉಮ್ಮನೂ ಬಿಡಲಿಲ್ಲ. "ಕನ್ನಡ ಬರುತ್ತದೆ. ನಿಮಗೆ ಬರುತ್ತದಾ?"

"ಏ, ನಮ್ಮ ಕನ್ನಡ ನಿಮಗ ತಿಳಿಯೂದಿಲ್ಲ ತಗೋರಿ!" ಎಂದು ಅವರು ನಕ್ಕರು. ನಾಲ್ಕು ದಿನ ಆ ಇಬ್ಬರು ಹಿರಿಯರು ಮಂಗಳೂರಿನ ಪುಸ್ತಕದಂಥ ಕನ್ನಡದಲ್ಲೂ ಬಿಜಾಪುರದ ಖಡಕ್ ಕನ್ನಡದಲ್ಲೂ ಮಾತನಾಡಿದರು. ಅರ್ಧ ತಿಳಿಯದಿದ್ದರೂ ಮಾತು ನಿಲ್ಲಲಿಲ್ಲ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಕೆನೆಮೊಸರು. ಕುಚ್ಚಲಕ್ಕಿ ಗಂಜಿಯಿಲ್ಲದೆ ಊಟವಿಲ್ಲ ಎನ್ನುತ್ತಿದ್ದ ಉಮ್ಮ ಎರಡು ರೊಟ್ಟಿ ತಿಂದರು.

*

ಶುಕ್ರವಾರ ಸಂಜೆ ಗೋಲಗುಮ್ಮಟಕ್ಕೆ ಹೋದದ್ದು ನಮ್ಮ ತಪ್ಪು. ಡಿಸೆಂಬರ್ ಎಂದರೆ ಶಾಲಾ ಪ್ರವಾಸದ ತಿಂಗಳು. ಮೇಲಿನ ಪಿಸುಗುಟ್ಟುವ ಮೊಗಸಾಲೆಯಲ್ಲಿ ನೂರಾರು ಮಕ್ಕಳು ಏಕಕಾಲಕ್ಕೆ ಕೂಗುತ್ತಿದ್ದರು. ಒಂದೊಂದು ಕೂಗೂ ಹಲವು ಸಲ ಮರಳಿ ಬರುತ್ತದೆ. ಕಿವಿ ಮುಚ್ಚಿಕೊಂಡು ಇಳಿದೆವು.

ಮರುದಿನ ಬೆಳಗ್ಗೆ ಫಜ್ರ್ ಮುಗಿಸಿ ಬೇಗನೆ ಮತ್ತೆ ಹೋದೆವು. ಉಮ್ಮನಿಗೆ ಮೆಟ್ಟಿಲು ಹತ್ತಲಾಗದು. ನಾಲ್ಕು ಮೂಲೆಯಲ್ಲಿರುವ ಏಳು ಅಂತಸ್ತಿನ ಗೋಪುರಗಳ ಒಳಗಿನ ಕಿರಿದಾದ, ಎತ್ತರದ ಮೆಟ್ಟಿಲುಗಳನ್ನು ಹತ್ತಿಯೇ ಮೇಲೆ ಹೋಗಬೇಕು. ಅವರು ಕೆಳಗೆ, ಸಮಾಧಿಗಳ ಕಟ್ಟೆಯ ಬಳಿ ಉಳಿದರು. ಮೊಗಸಾಲೆಯಲ್ಲಿ ಯಜಮಾನರು ಒಂದು ಕಡೆ, ನಾನು ಎದುರು ಬದಿಯಲ್ಲಿ ಗೋಡೆಗೆ ಕಿವಿಯಿಟ್ಟು ನಿಂತೆ. ಅವರು ಕಾಗದ ಹರಿದ ಸದ್ದು ಪಕ್ಕದಲ್ಲೇ ಹರಿದಂತೆ ಕೇಳಿತು. ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್. ಒಳಗೆ ಒಂದೇ ಒಂದು ಕಂಬವಿಲ್ಲ. ಒಂದನ್ನೊಂದು ಕತ್ತರಿಸಿಕೊಂಡು ಹೋಗುವ ಕಮಾನುಗಳೇ ಆ ಭಾರವನ್ನು ಗೋಡೆಗೆ ದಾಟಿಸುತ್ತವೆ. ದಾಬೂಲಿನ ಯಾಕೂತ್ ಎಂಬವರು ಇದರ ಶಿಲ್ಪಿ ಎನ್ನುತ್ತಾರೆ. 1656ರಲ್ಲಿ ಸುಲ್ತಾನ್ ಮುಹಮ್ಮದ್ ಆದಿಲ್ ಶಾಹ್ ತೀರಿಕೊಂಡಾಗ ಇಲ್ಲಿಯೇ ದಫನ ಮಾಡಿದರು. ಅವರೊಂದಿಗೆ ಪತ್ನಿಯರು, ಮಗಳು, ಮೊಮ್ಮಗ, ಆಸ್ಥಾನದ ನರ್ತಕಿ ರಂಭಾ ಕೂಡ ಇಲ್ಲಿದ್ದಾರೆ.

ಇಳಿದು ಬಂದಾಗ ಉಮ್ಮ ಕೇಳಿದ್ದು ಗುಮ್ಮಟದ ಬಗ್ಗೆಯಲ್ಲ. "ಇಷ್ಟು ದೊಡ್ಡ ಕಟ್ಟಡ ಕಟ್ಟಿದ ಜನಕ್ಕೆ ಕುಡಿಯಲು ನೀರು ಎಲ್ಲಿಂದ ಬರುತ್ತಿತ್ತು? ಇಲ್ಲಿ ಹೊಳೆಯೇ ಕಾಣುವುದಿಲ್ಲ."

ನಾನು ಎಷ್ಟೋ ಪ್ರವಾಸ ಕಥನಗಳನ್ನು ಓದಿದ್ದೇನೆ. ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಜೀವನವಿಡೀ ನೀರು ಸೇದಿದವರಿಗೆ ಹೊಳೆಯಿತು.

*

ಅಲ್ಲಿಂದ ಇಬ್ರಾಹಿಂ ರೋಜಾಕ್ಕೆ. ಗೋಲಗುಮ್ಮಟ ಬೆರಗು ಹುಟ್ಟಿಸಿದರೆ ಇದು ಮನಸ್ಸಿಗೆ ತಂಪು. ಒಂದೇ ಜಗಲಿಯ ಮೇಲೆ ಎದುರುಬದುರಾಗಿ ಒಂದು ಗೋರಿ, ಒಂದು ಮಸೀದಿ, ನಡುವೆ ಕಾರಂಜಿಯ ಕೊಳ. ಗೋರಿಯ ಕಿಟಕಿಗಳಿಗೆ ಕಲ್ಲಿನಲ್ಲೇ ಅರಬಿ ಅಕ್ಷರಗಳನ್ನು ಕೊರೆದು ಜಾಲರಿ ಮಾಡಿದ್ದಾರೆ. ಬೆಳಕು ಅಕ್ಷರಗಳ ಸಂದಿನಿಂದಲೇ ಒಳಗೆ ಬರಬೇಕು. ಎರಡನೇ ಇಬ್ರಾಹಿಂ ಆದಿಲ್ ಶಾಹ್ ಇದನ್ನು ಮೊದಲು ಯೋಚಿಸಿದ್ದು ತನಗಾಗಿ ಅಲ್ಲ, ಪತ್ನಿ ತಾಜ್ ಸುಲ್ತಾನಾಗಾಗಿ. 1627ರಲ್ಲಿ ಅವರೇ ಮೊದಲು ತೀರಿಕೊಂಡರು. ಈಗ ಸುಲ್ತಾನ, ಅವರ ತಾಯಿ, ತಾಜ್ ಸುಲ್ತಾನಾ, ಮಕ್ಕಳು ಎಲ್ಲರೂ ಇಲ್ಲೇ ಇದ್ದಾರೆ. ಊರಲ್ಲಿ ಇದನ್ನು ಕರೆಯುವುದು ಮಾತ್ರ ಸುಲ್ತಾನನ ಹೆಸರಿನಿಂದ.

"ಹೆಂಡತಿಗೆಂದು ಶುರು ಮಾಡಿದ್ದು ಗಂಡನ ಹೆಸರಿಗಾಯಿತು" ಎಂದರು ಉಮ್ಮ. ದೂರಿನಂತೆ ಹೇಳಲಿಲ್ಲ. ಅಕ್ಕಿಯಲ್ಲಿ ಕಲ್ಲು ಕಂಡಾಗ ಹೇಳುವ ಹಾಗೆ ಹೇಳಿದರು.

"ಹಂಗೇನಿಲ್ರಿ ಆಪಾ" ಎಂದರು ನಮ್ಮೊಂದಿಗೆ ಬಂದಿದ್ದ ಖಾಲಾ. "ಬೇಗಂ ಹೆಸರಿಂದೂ ಐತಿ. ಬರ್ರಿ, ಇಲ್ಲೇ ಹತ್ರ."

ಹಾಗೆ ನಾವು ತಾಜ್ ಬಾವಡಿಗೆ ಬಂದೆವು. ಬಾವಡಿ ಎಂದರೆ ಮೆಟ್ಟಿಲುಗಳಿರುವ ದೊಡ್ಡ ಬಾವಿ. ಇದನ್ನು ಬಾವಿ ಎನ್ನುವುದಕ್ಕಿಂತ ಕೆರೆ ಎನ್ನುವುದೇ ಸರಿ. 1620ರಲ್ಲಿ ಎರಡನೇ ಇಬ್ರಾಹಿಂ ತಾಜ್ ಸುಲ್ತಾನಾರ ಗೌರವಕ್ಕೆ ಕಟ್ಟಿಸಿದ್ದು. ಎರಡು ಗೋಪುರಗಳ ನಡುವೆ ಎತ್ತರದ ಕಮಾನು. ಅದರಡಿಯಿಂದ ಮೆಟ್ಟಿಲು ಇಳಿದರೆ ಚೌಕಾಕಾರದ ಆಳವಾದ ನೀರು. ಎಡಬಲದಲ್ಲಿ ದಾರಿಹೋಕರು ತಂಗುತ್ತಿದ್ದ ಕೋಣೆಗಳು. ನಡು ಮಧ್ಯಾಹ್ನದಲ್ಲೂ ಅಲ್ಲಿ ತಂಪು.

ಖಾಲಾ ಮದುವೆಯಾಗಿ ಬಂದ ಹೊಸತರಲ್ಲಿ ಈ ನೀರಿನಲ್ಲಿ ಬಟ್ಟೆ ಒಗೆದಿದ್ದರಂತೆ. ಆ ಮೇಲೆ ಮನೆಮನೆಗೆ ನಳ ಬಂತು. ನಳ ಬಂದ ಮೇಲೆ ಬಾವಡಿ ಯಾರಿಗೂ ಬೇಡವಾಯಿತು. ಕಸ, ಪ್ಲಾಸ್ಟಿಕ್, ಹಳೆಯ ಬಟ್ಟೆ, ವಿಸರ್ಜಿಸಿದ ಮೂರ್ತಿಗಳು ಎಲ್ಲವೂ ಇದಕ್ಕೇ. "ಮೂಗ್ ಮುಚ್ಕೊಂಡ್ ಹೋಗ್ಬೇಕಿತ್ರಿ. ಆಮೇಲ ಬ್ಯಾಸಿಗ್ಯಾಗ ನಳಾ ನಿಂತಾಗ ಎಲ್ಲಾರೂ ಬಾವಡಿ ನೆನಸಿಕೊಂಡು ಅತ್ತರು." 2010ರ ದಶಕದ ಉತ್ತರಾರ್ಧದಲ್ಲಿ ಹೂಳೆತ್ತಿ ಇದನ್ನೂ ಊರಿನ ಇನ್ನೂ ಹಲವು ಬಾವಡಿಗಳನ್ನೂ ಸ್ವಚ್ಛಗೊಳಿಸಿದರು. ಕೆಸರು ತೆಗೆದ ಹಾಗೆ ಅಡಿಯಿಂದ ನೀರು ತಾನಾಗಿಯೇ ಏರಿ ಬಂತಂತೆ.

"ಬಾವಿ ಸತ್ತಿರೂದಿಲ್ರಿ. ನಾವs ಬಾಯಿ ಮುಚ್ಚಿರತೀವಿ" ಎಂದರು ಖಾಲಾ.

ಉಮ್ಮ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ತುಂಬಾ ಹೊತ್ತು ನೀರು ನೋಡಿದರು. ನಾನು ಮೊಣಕಾಲು ನೋವೇ ಎಂದು ಕೇಳಿದೆ. ತಲೆಯಲ್ಲಾಡಿಸಿದರು. ಆ ಮೇಲೆ ನನಗಲ್ಲ, ಖಾಲಾರಿಗೆ ಹೇಳಿದರು:

"ನಮ್ಮ ಬಾವಿ ತೋಡಿಸಿದ್ದು ನನ್ನ ಬಳೆ ಮಾರಿ."

ನಾನು ಅದನ್ನು ಕೇಳಿದ್ದು ಅದೇ ಮೊದಲು.

ಅಣ್ಣ ಹುಟ್ಟಿದ ವರ್ಷವಂತೆ. ಅಂಗಳದಲ್ಲಿ ನೀರಿಲ್ಲದೆ, ಬಾಣಂತಿ ಎದ್ದ ನಲವತ್ತನೇ ದಿನಕ್ಕೇ ಉಮ್ಮ ಗದ್ದೆಯ ಆಚೆಯಿಂದ ಕೊಡ ಹೊರಬೇಕಾಯಿತು. ಉಪ್ಪನ ಬೀಡಿ ಬ್ರಾಂಚಿನ ಸಂಬಳದಲ್ಲಿ ಬಾವಿಯ ಮಾತೇ ಇರಲಿಲ್ಲ. ಉಮ್ಮ ತವರಿನಿಂದ ತಂದ ಎರಡು ಬಳೆ ಬಿಚ್ಚಿಕೊಟ್ಟರು. ಕೆಂಪುಕಲ್ಲನ್ನು ಕಡಿಯುತ್ತಾ ಹೋಗಿ ಹತ್ತೊಂಬತ್ತನೇ ಕೋಲಿಗೆ ಒರತೆ ಸಿಕ್ಕಿತು. ಏಪ್ರಿಲ್, ಮೇ ತಿಂಗಳಲ್ಲಿ ಸುತ್ತಮುತ್ತಲ ಏಳೆಂಟು ಮನೆಯವರು ಅದರಿಂದಲೇ ನೀರು ಒಯ್ಯುತ್ತಿದ್ದರು. ಬಂಟರು, ಬಿಲ್ಲವರು, ಕ್ರೈಸ್ತರು, ನಮ್ಮವರು. ರಾಟೆಯ ಸದ್ದಿಗೇ ನಮಗೆ ಬೆಳಗಾಗುತ್ತಿದ್ದದ್ದು ನನಗೂ ನೆನಪಿದೆ. ಊರಿನವರೆಲ್ಲ ಅದನ್ನು ಉಪ್ಪನ ಹೆಸರು ಹೇಳಿ 'ಬ್ಯಾರಿಗಳ ಬಾವಿ' ಎನ್ನುತ್ತಿದ್ದರು. ಉಮ್ಮನೂ ಹಾಗೆಯೇ ಹೇಳುತ್ತಿದ್ದರು.

ಖಾಲಾ ಏನೂ ಹೇಳದೆ ಉಮ್ಮನ ಬರಿಗೈ ಹಿಡಿದುಕೊಂಡು ಕುಳಿತರು. ಗಂಡನಿಲ್ಲದ ಆ ಇಬ್ಬರ ನಡುವೆ ನನಗೆ ಮಾತಿರಲಿಲ್ಲ. ನಲವತ್ತು ದಾಟಿದ ನಾನು ಉಮ್ಮನ ಔಷಧಿಯ ಚೀಟಿಗಳನ್ನೆಲ್ಲ ಬಾಯಿಪಾಠ ಮಾಡಿದ್ದೇನೆ. ಅವರ ಬಳೆ ಎಲ್ಲಿ ಹೋಯಿತೆಂದು ಒಮ್ಮೆಯೂ ಕೇಳಿರಲಿಲ್ಲ.

*

ಆ ನಂತರದ ದಿನ ಉಮ್ಮನೇ ಬೇರೆ ಬಾವಿಗಳನ್ನು ನೋಡಬೇಕೆಂದರು. ಮಕ್ಕಳು ಮುಲ್ಕ್-ಎ-ಮೈದಾನ್ ತೋಪಿನ ಬಳಿ ಆಡಿದರು. 1549ರಲ್ಲಿ ಎರಕ ಹೊಯ್ದ ಅದರ ತೂಕ 55 ಟನ್. ಹಿರಿಯರಿಗೆ ಅದು ಬೇಡ. ಚಾಂದ್ ಬಾವಡಿ ಬೇಕು.

1565ರಲ್ಲಿ ವಿಜಯನಗರ ಬಿದ್ದ ಮೇಲೆ ಬಿಜಾಪುರಕ್ಕೆ ಜನ ಬಂದು ತುಂಬಿದರು. ನೀರು ಸಾಲದೆ ಮೊದಲನೇ ಅಲಿ ಆದಿಲ್ ಶಾಹ್ 1579ರಲ್ಲಿ ಚಾಂದ್ ಬಾವಡಿ ಕಟ್ಟಿಸಿದರು. ಪತ್ನಿ ಚಾಂದ್ ಬೀಬಿಯ ಹೆಸರಿಟ್ಟರು. ಮರುವರ್ಷ ಅಲಿಯ ಕೊಲೆಯಾಯಿತು. ಪಟ್ಟಕ್ಕೆ ಬಂದ ಇಬ್ರಾಹಿಂ ಇನ್ನೂ ಒಂಬತ್ತು ವರ್ಷದ ಹುಡುಗ. ಗಂಡನನ್ನು ಕಳೆದುಕೊಂಡ ಚಾಂದ್ ಬೀಬಿ ಆ ಹುಡುಗನ ಪರವಾಗಿ ರಾಜ್ಯ ನಡೆಸಿದರು. ಮುಂದೆ ತವರು ಅಹಮದ್‌ನಗರಕ್ಕೆ ಹೋಗಿ ಮೊಗಲ್ ಸೈನ್ಯದ ಎದುರು ಕೋಟೆ ಕಾದರು. ಶಾಲೆಯಲ್ಲಿ ನಾವು ಓದಿದ್ದು ಆ ಯುದ್ಧದ ಕತೆ. ಬಾವಿಯ ಕತೆಯನ್ನು ಯಾರೂ ಹೇಳಿರಲಿಲ್ಲ.

ಊರಿನ ದಕ್ಷಿಣಕ್ಕೆ ಬೇಗಂ ತಲಾಬ್ ಇದೆ. 1651ರಲ್ಲಿ ಮುಹಮ್ಮದ್ ಆದಿಲ್ ಶಾಹ್ ಪತ್ನಿ ಜಹಾನ್ ಬೇಗಂ ನೆನಪಿಗೆ ಕಟ್ಟಿಸಿದ ಕೆರೆ. ಉಮ್ಮನ ಪ್ರಶ್ನೆಗೆ ಪೂರ್ತಿ ಉತ್ತರ ಸಿಕ್ಕಿದ್ದು ಇಲ್ಲಿ. ಕೆರೆಯಿಂದ ಊರೊಳಗೆ ನೆಲದಡಿ ಮಣ್ಣಿನ ಕೊಳವೆಗಳನ್ನು ಜೋಡಿಸಿ ನೀರು ಹರಿಸುತ್ತಿದ್ದರು. ನೀರಿನ ಒತ್ತಡಕ್ಕೆ ಕೊಳವೆ ಒಡೆಯಬಾರದೆಂದು ದಾರಿಯುದ್ದಕ್ಕೂ ಕಲ್ಲಿನ ಗೋಪುರಗಳನ್ನು ಕಟ್ಟಿದ್ದರು. ಅವನ್ನು ಗಂಜ್ ಎನ್ನುತ್ತಾರೆ. ನೀರು ಗಂಜ್‌ನೊಳಗೆ ಏರಿ, ಒತ್ತಡ ಇಳಿಸಿಕೊಂಡು, ಕೆಸರು ತಳದಲ್ಲಿ ಬಿಟ್ಟು ಮುಂದೆ ಹೋಗುತ್ತಿತ್ತು. ತೊರವಿಯ ಕಡೆಯಿಂದ ಬರುವ ಸುರಂಗ ಕಾಲುವೆ ಬೇರೆಯೇ ಇತ್ತು. ಬೀದಿಯ ನಡುವೆ, ಅಂಗಡಿಗಳ ಹಿಂದೆ ಈಗಲೂ ಕೆಲವು ಗಂಜ್‌ಗಳು ನಿಂತಿವೆ. ಪ್ರವಾಸಿಗರು ಅವನ್ನು ದಾಟಿ ಗುಮ್ಮಟದ ಕಡೆ ಓಡುತ್ತಾರೆ. ನಾವೂ ಮೊದಲ ದಿನ ಹಾಗೆಯೇ ಓಡಿದ್ದೆವು.

ಆ ರಾತ್ರಿ ಶಾಲು ಹೊದ್ದು ಕುಳಿತಾಗ ಉಮ್ಮ ಬಾಲ್ಯದಲ್ಲಿ ಮದ್ರಸದಲ್ಲಿ ಕೇಳಿದ ಒಂದು ಮಾತನ್ನು ನೆನಪಿಸಿಕೊಂಡರು. ಸಅದ್ ಬಿನ್ ಉಬಾದಾ(ರ)ರ ತಾಯಿ ತೀರಿಕೊಂಡಾಗ ಅವರ ಪರವಾಗಿ ಯಾವ ದಾನ ಉತ್ತಮವೆಂದು ಪ್ರವಾದಿ(ಸ)ಯವರಲ್ಲಿ ಕೇಳಿದರು. ನೀರು ಎಂಬ ಉತ್ತರ ಬಂತು. ಅವರು ಬಾವಿ ತೋಡಿಸಿ ಅದು ತಾಯಿಗೆಂದು ಹೇಳಿದರು. "ಆ ಬಾವಿ ತಾಯಿಯದ್ದೇ ಆಯಿತು" ಎಂದು ಉಮ್ಮ ಹೇಳಿ ಸುಮ್ಮನಾದರು.

ಸೋಮವಾರ ಎಳ್ಳಮಾವಾಸ್ಯೆ. ಸ್ನೇಹಿತರ ನೆರೆಯ ರೈತರು ಹೊಲಕ್ಕೆ ಕರೆದಿದ್ದರು. ಅಂದು ಅಲ್ಲಿಯ ರೈತ ಮನೆತನಗಳು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಬಂಧುಬಳಗದೊಂದಿಗೆ ಅಲ್ಲೇ ಉಣ್ಣುತ್ತಾರೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಹಸಿ ಕಡಲೆ. ಅವರ ಹಬ್ಬದ ಆಚರಣೆ ಮುಗಿದ ಮೇಲೆ ನಾವೂ ಬದುವಿನ ಮೇಲೆ ಪಂಕ್ತಿಯಲ್ಲಿ ಕುಳಿತೆವು. ಬಡಿಸಿದ್ದು ಬೇರೆಯವರು. ಉಮ್ಮ ಸುಮ್ಮನೆ ಕುಳಿತು, ಬಿಸಿಲು ಕಾಯುತ್ತಾ, ನಿಧಾನವಾಗಿ ಉಂಡರು. ಬೇರೆ ಯಾರೋ ಬಡಿಸಿ ಉಮ್ಮ ಮೊದಲ ಪಂಕ್ತಿಯಲ್ಲಿ ಉಂಡದ್ದನ್ನು ನಾನು ನೋಡಿದ ನೆನಪಿಲ್ಲ.

*

ರೈಲಿನಲ್ಲಿ ಮರಳುವಾಗ ಉಮ್ಮ ನನ್ನ ಮೊಬೈಲು ಕೇಳಿ ತೆಗೆದುಕೊಂಡು ಅಣ್ಣನಿಗೆ ಫೋನು ಮಾಡಿದರು. ಗದಗ ದಾಟಿತ್ತು. ಸದ್ದಿನಲ್ಲಿ ಜೋರಾಗಿಯೇ ಹೇಳಬೇಕಾಯಿತು: "ಬಾವಿ ಮುಚ್ಚುವುದು ಬೇಡ. ಕಬ್ಬಿಣದ ಜಾಲರಿ ಹಾಕಿಸು. ಹಣ ನನ್ನಲ್ಲಿದೆ."

ಅಣ್ಣ ಏನೋ ಹೇಳಿದ. ಜೆಸಿಬಿಗೆ ಮುಂಗಡ ಕೊಟ್ಟಾಗಿದೆ, ಇದನ್ನು ಮೊದಲೇ ಹೇಳಬಾರದಿತ್ತಾ ಎಂದಿರಬೇಕು.

"ನೀವು ಮುಚ್ಚುತ್ತೇವೆ ಎಂದು ಹೇಳಿದಿರಿ. ಮುಚ್ಚಬಹುದಾ ಎಂದು ಕೇಳಿದ್ದು ಯಾವಾಗ?" ಎಂದರು ಉಮ್ಮ.

ಆ ಮಾತು ಅಣ್ಣನಿಗೆ ಮಾತ್ರ ಹೇಳಿದ್ದಲ್ಲವೆಂದು ನನಗೆ ಗೊತ್ತಿತ್ತು.

ಅಣ್ಣ ಒಳ್ಳೆಯವನು. ಒಂದು ವಾರ ಮುನಿಸಿಕೊಂಡಿದ್ದು ಜಾಲರಿ ಹಾಕಿಸಿದ. ಕಾರು ಈಗಲೂ ಗೇಟಿನ ಹೊರಗೇ ನಿಲ್ಲುತ್ತದೆ, ಅದರ ಮೇಲೆ ಹಲಸಿನ ಎಲೆ ಬೀಳುತ್ತದೆ, ಅತ್ತಿಗೆ ಗೊಣಗುತ್ತಾರೆ. ಬಾವಿಗೆ ಯಾರ ಹೆಸರನ್ನೂ ಬರೆಸಲಿಲ್ಲ, ಉಮ್ಮನಿಗೆ ಅದು ಬೇಕಾಗಿಯೂ ಇಲ್ಲ. ಆದರೆ ಬಳೆಯ ಕತೆ ಈಗ ಮನೆಯ ಮಕ್ಕಳಿಗೆಲ್ಲ ಗೊತ್ತು.

ಸಹೋದರಿಯರೇ, ರಜೆಯೆಂದರೆ ದೂರದ ಊರಿಗೇ ಹೋಗಬೇಕೆಂದಿಲ್ಲ. ಆದರೆ ಮನೆಯಲ್ಲಿ ನಮ್ಮ ತಾಯಂದಿರ ಕೈಯಲ್ಲಿ ಸದಾ ಏನಾದರೊಂದು ಕೆಲಸವಿರುತ್ತದೆ. ಕೆಲಸವಿರುವ ಕೈಯ ಬಳಿ ಕುಳಿತು ನಾವು ಕೇಳುವುದು ಉಪ್ಪು ಎಲ್ಲಿದೆ, ಕೀ ಎಲ್ಲಿದೆ ಎಂದು. ಅವರ ಕೈ ಒಂದು ದಿನ ಬಿಡುವಾಗಬೇಕು, ಪಕ್ಕದಲ್ಲಿ ಅವರದ್ದೇ ವಯಸ್ಸಿನ ಇನ್ನೊಬ್ಬರಿರಬೇಕು, ನಾವು ಬಾಯಿ ಮುಚ್ಚಿ ಕುಳಿತಿರಬೇಕು.

ಮನೆ ತಲುಪಿದಾಗ ಬಾಯಿಯ ಸ್ಟೀಲಿನ ತಟ್ಟೆ ಅಡುಗೆಮನೆಯಲ್ಲಿ ತೊಳೆದು ಕವುಚಿಟ್ಟ ಹಾಗೆಯೇ ಇತ್ತು. ತಟ್ಟೆಯನ್ನು ಬರಿದಾಗಿ ಮರಳಿಸುವ ಕ್ರಮ ನಮ್ಮಲ್ಲಿಲ್ಲ. ನಾನು ಏನು ಮಾಡಲೆಂದು ಯೋಚಿಸುತ್ತಿದ್ದಾಗ ಉಮ್ಮ ಚೀಲ ಬಿಚ್ಚಿ, ಖಾಲಾ ಕಟ್ಟಿಕೊಟ್ಟಿದ್ದ ಶೇಂಗಾ ಹೋಳಿಗೆಗಳನ್ನು ಅದರಲ್ಲಿ ಜೋಡಿಸಿದರು. ಬಿಳಿ ಬಟ್ಟೆ ಮುಚ್ಚಿದರು. ಶಾಲು ಸರಿಮಾಡಿಕೊಂಡು, "ನಾನೇ ಕೊಟ್ಟು ಬರುತ್ತೇನೆ. ಬಾಯಿಗೆ ಬಿಜಾಪುರದ ಕತೆ ಹೇಳಲಿಕ್ಕಿದೆ" ಎಂದು ಹೊರಟರು.